ಶ್ರುತಿ, ಆ ವಯಲ್ ತರಿಸಬೇಡ

ಶ್ರುತಿ, ನಿನ್ನೆ ರಾತ್ರಿಯ ನಿನ್ನ ಮೆಸೇಜ್ ಈಗ ನೋಡಿದೆ. ಡಲ್ಲಾಸ್‌ನಲ್ಲಿ ನಿಮ್ಮಕ್ಕ ವಾರಕ್ಕೊಂದು ಇಂಜೆಕ್ಷನ್ ತಗೊಂಡು ತೂಕ ಇಳಿಸಿದ್ದಾಳೆ, ಬರುವಾಗ ನಿನಗೂ ಆ ಔಷಧಿಯ ಎರಡು ವಯಲ್, ಅಂದರೆ ಪುಟ್ಟ ಸೀಸೆ, ತರುತ್ತಾಳಂತೆ, ತಗೊಳ್ಳಲಾ ಅಂತ ಕೇಳಿದ್ದೀಯ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಪೂರ್ತಿ ಕೇಳು.

ಮೊದಲು ಒಂದು ಮಾತು. ಗ್ರೂಪಿನಲ್ಲಿ ಯಾರೋ 'ಬಾಯಿ ಕಟ್ಟಿದರೆ ಸಾಕು' ಅಂದರಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎರಡು ವರ್ಷದಿಂದ ಬೆಳಿಗ್ಗೆ ಆರಕ್ಕೇ ಲಾಲ್‌ಬಾಗ್ ಸುತ್ತುತ್ತಿದ್ದೀಯ, ನಾನೇ ನೋಡಿದ್ದೇನೆ. ಔಷಧಿ ಬೇಕು ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಆ ವಯಲ್ ಬಗ್ಗೆ ಮಾತ್ರ.

ಅಕ್ಕ ಅದನ್ನು ಕಾಂಪೌಂಡೆಡ್ ಅಂದಳಲ್ವಾ? ಅಂದರೆ ಅದು ಕಂಪನಿಯಿಂದ ಬಂದ, ತೂಕ ಇಳಿಸುವ ವೆಗೋವಿ ಇಂಜೆಕ್ಷನ್ ಅಲ್ಲ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಅನ್ನುವ ಔಷಧಿ ತರಿಸಿ, ಅಲ್ಲಿನ ಫಾರ್ಮಸಿಯವರೇ ಬೆರೆಸಿ ತುಂಬಿದ್ದು. ಕೆಲವರು ಬಿ12 ಕೂಡ ಸೇರಿಸುತ್ತಾರೆ. ಕಂಪನಿಯದ್ದು ಸಿಗದೇ ಇದ್ದಾಗ ಅಮೆರಿಕದಲ್ಲಿ ಇದು ಜೋರಾಗಿ ನಡೆಯಿತು. ಆ ಕೊರತೆ ಮುಗಿಯಿತು ಅಂತ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಫೆಬ್ರುವರಿಯಲ್ಲೇ ಹೇಳಿದೆ. ಹೀಗೆ ಬೆರೆಸಿದ್ದನ್ನು ಮಾರುವ ಮೊದಲು ಎಫ್‌ಡಿಎ ಪರಿಶೀಲಿಸುವುದಿಲ್ಲ.

ನನಗೆ ಎಲ್ಲಕ್ಕಿಂತ ಭಯ ಸಿರಿಂಜಿನದು. ನಮ್ಮ ಮಾವನವರಿಗೆ ದಿನಾ 14 ಯುನಿಟ್ ಇನ್ಸುಲಿನ್ ಚುಚ್ಚುತ್ತಿದ್ದದ್ದು ನಾನೇ. ಅವರದು ಮಿಲಿಲೀಟರಿಗೆ 100 ಯುನಿಟ್ ಇರುವ ಇನ್ಸುಲಿನ್. ಒಂದು ಸಲ ಮೆಡಿಕಲ್ ಶಾಪಿನವರು ಅದಕ್ಕೆ ಹೊಂದುವ ಕಿತ್ತಳೆ ಮುಚ್ಚಳದ 100ರ ಸಿರಿಂಜ್ ಬದಲು, ಮಿಲಿಲೀಟರಿಗೆ 40 ಯುನಿಟ್ ಲೆಕ್ಕದ ಕೆಂಪು ಮುಚ್ಚಳದ 40ರದ್ದು ಕೊಟ್ಟರು. ನಾನೂ ಗಮನಿಸಲಿಲ್ಲ. ಅದೇ 14ರ ಗೆರೆಗೆ ಎಳೆದೆ. ಒಳಗೆ ಹೋದದ್ದು 35 ಯುನಿಟ್. ರಾತ್ರಿ ಎರಡು ಗಂಟೆಗೆ ಮಾವನವರ ದಿಂಬೆಲ್ಲ ಒದ್ದೆ, ಕೈ ನಡುಗುತ್ತಿತ್ತು, ನನ್ನ ಹೆಸರು ಹೇಳೋಕೂ ಅವರಿಗೆ ಆಗುತ್ತಿರಲಿಲ್ಲ. ಸಕ್ಕರೆ ನೀರು ಕುಡಿಸಿ, ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಇವತ್ತಿಗೂ ಆ ಕೆಂಪು ಮುಚ್ಚಳ ಕಣ್ಮುಂದೆ ಬರುತ್ತದೆ.

ಈಗ ನಿನ್ನ ವಯಲ್ ಲೆಕ್ಕ ನೋಡು. ಶುರುವಿನ ಡೋಸ್ ವಾರಕ್ಕೆ 0.25 ಮಿಲಿಗ್ರಾಂ. ಒಂದು ಮಿಲಿಲೀಟರಿನಲ್ಲಿ 2.5 ಮಿಲಿಗ್ರಾಂ ಇದ್ದರೆ 100ರ ಸಿರಿಂಜಿನಲ್ಲಿ 10ರ ಗೆರೆ. 5 ಮಿಲಿಗ್ರಾಂ ಇದ್ದರೆ 5ರ ಗೆರೆ. ಅಕ್ಕ 'ಹತ್ತು ಯುನಿಟ್ ಹಾಕು' ಅಂದಳು ಅಂತ ಇಟ್ಟುಕೋ. ನಿನಗೆ ಸಿಕ್ಕಿದ್ದು 5ರ ವಯಲ್, ಕೈಲಿರುವುದು 40ರ ಸಿರಿಂಜ್. ಮುಗೀತು, ಐದು ಪಟ್ಟು ಒಳಗೆ ಹೋಯಿತು. ಇದು ಬರೀ ನನ್ನ ಹೆದರಿಕೆ ಅಲ್ಲ. ಜನ ಹೀಗೇ 5ರಿಂದ 20 ಪಟ್ಟು ಚುಚ್ಚಿಕೊಂಡಿದ್ದಾರೆ, ಕೆಲವರು ಆಸ್ಪತ್ರೆ ಸೇರಿದ್ದಾರೆ ಅಂತ ಎಫ್‌ಡಿಎ 2024ರಲ್ಲೇ ಎಚ್ಚರಿಸಿದೆ. ಇನ್ಸುಲಿನ್‌ಗಾದರೆ ಸಕ್ಕರೆ ನೀರು ಇತ್ತು. ಇದಕ್ಕೆ ಅಂಥದ್ದೇನೂ ಇಲ್ಲ. ಒಂದು ವಾರ ಆದರೂ ಹೆಚ್ಚುಕಡಿಮೆ ಅರ್ಧದಷ್ಟು ಔಷಧಿ ಮೈಯಲ್ಲೇ ಇರುತ್ತದೆ. ಅಷ್ಟು ದಿನ ವಾಂತಿ ಮಾಡಿಕೊಂಡು ಒದ್ದಾಡಬೇಕಾಗಬಹುದು.

ಅದೂ ಅಲ್ಲದೆ, ಇದನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಡಲ್ಲಾಸ್‌ನಿಂದ ಇಲ್ಲಿಯ ತನಕ ಸೂಟ್‌ಕೇಸಿನಲ್ಲಿ ಹೇಗೆ ತರುತ್ತಾಳೆ?

ಇಲ್ಲೇ ಸಿಗುತ್ತದಲ್ಲ, ಶ್ರುತಿ. ಇದೇ ಬಗೆಯ ಬೇರೆ ಔಷಧಿ ಮೌಂಜಾರೊ 2025ರ ಮಾರ್ಚಿನಲ್ಲಿ ಬಂತು, ವೆಗೋವಿ ಜೂನ್‌ನಲ್ಲಿ. ಪೆನ್ನಿನಂಥ ಇಂಜೆಕ್ಷನ್ ಆದರೆ ಸಿರಿಂಜಿನ ಲೆಕ್ಕವೇ ಬೇಡ. ದುಡ್ಡು ಜಾಸ್ತಿ, ಗೊತ್ತು. ಆದರೆ ಚೀಟಿ ಬರೆದ ಡಾಕ್ಟರು ಇದೇ ಊರಲ್ಲಿರುತ್ತಾರೆ, ಹೊಟ್ಟೆನೋವು ಬಂದರೆ ಹೋಗಿ ತೋರಿಸಬಹುದು. ನಿಲ್ಲಿಸಿದ ಮೇಲೆ ತೂಕ ಮತ್ತೆ ಏರುತ್ತದೆ ಅನ್ನುವುದನ್ನೂ ಅವರ ಹತ್ತಿರ ಬಾಯಿಬಿಟ್ಟು ಕೇಳು.

ಇನ್ನೊಂದು ವಿಷಯ, ಇದು ಅಕ್ಕನಿಗೂ ಸೇರಿ. ನಿಮ್ಮಜ್ಜಿಗೆ ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆಗಿತ್ತಲ್ಲ, ಅದು ಯಾವ ಬಗೆ ಅಂತ ನಮಗ್ಯಾರಿಗೂ ನೆನಪಿಲ್ಲ. ಮನೆತನದಲ್ಲಿ ಮೆಡುಲರಿ ಅನ್ನುವ ಬಗೆ ಇದ್ದರೆ ಈ ಔಷಧಿ ತಗೊಳ್ಳಲೇಬಾರದು. ಅಕ್ಕನಿಗೆ ಇವತ್ತೇ ಫೋನ್ ಮಾಡಿ ಹೇಳು. ಅಮ್ಮನ, ಅಂದರೆ ನಿಮ್ಮಜ್ಜಿಯ, ಹಳೇ ಫೈಲು ನಮ್ಮ ಬೀರುವಿನ ಮೇಲಿದೆ. ಸಂಜೆ ಇಳಿಸಿ, ಬಯಾಪ್ಸಿ ರಿಪೋರ್ಟಿನ ಫೋಟೋ ನಿಮ್ಮಿಬ್ಬರಿಗೂ ಕಳಿಸುತ್ತೇನೆ.