ಮೈಕ್ರೋವೇವ್ ಪವರ್ ಪಿ-30ಕ್ಕೆ ಇಳಿಸಿದರೂ ಹಾಲು ಉಕ್ಕುತ್ತದೆ, ಡಿಫ್ರಾಸ್ಟ್‌ನಲ್ಲಿ ಅಂಚು ಬೇಯುತ್ತದೆ: ಏನು ಮಾಡಬೇಕು?

ಪ್ರಶ್ನೆ

ಟರ್ನ್‌ಟೇಬಲ್ ಇರುವ ಸಾದಾ ಮೈಕ್ರೋವೇವ್, ಲೇಬಲ್ಲಿನಲ್ಲಿ ಔಟ್‌ಪುಟ್ 800 ವ್ಯಾಟ್ ಎಂದಿದೆ. ಫ್ರಿಜ್‌ನಿಂದ ತೆಗೆದ 120 ಮಿ.ಲೀ. ಹಾಲನ್ನು ಪಿ-30ರಲ್ಲಿ 1 ನಿಮಿಷ ಇಟ್ಟರೂ ಉಕ್ಕಿ ಪ್ಲೇಟಿಗೆಲ್ಲ ಚೆಲ್ಲುತ್ತದೆ. ಫ್ರೀಜರ್‌ನ ಅರ್ಧ ಕೆಜಿ ಖೀಮಾ ಡಿಫ್ರಾಸ್ಟ್‌ಗೆ ಹಾಕಿದರೆ ಅಂಚು ಬೆಂದು ಬಣ್ಣ ತಿರುಗುತ್ತದೆ, ನಡುವೆ ಇನ್ನೂ ಕಲ್ಲು. ಪವರ್ ಬಟನ್ ಕೆಟ್ಟಿದೆಯೇ?

ಉತ್ತರ 1

ಹಾಲಿನ ವಿಷಯ ಲೆಕ್ಕದಲ್ಲೇ ಗೊತ್ತಾಗುತ್ತದೆ. ಇನ್ವರ್ಟರ್ (ಪವರ್ ಅನ್ನು ನಿಜವಾಗಿಯೇ ಏರಿಸಿ ಇಳಿಸುವ ಸರ್ಕ್ಯೂಟ್) ಇಲ್ಲದ ಓವನ್‌ನಲ್ಲಿ ಮ್ಯಾಗ್ನೆಟ್ರಾನ್‌ಗೆ, ಅಂದರೆ ಮೈಕ್ರೋವೇವ್ ಅಲೆ ಹೊರಡಿಸುವ ಭಾಗಕ್ಕೆ, ಇರುವುದು ಎರಡೇ ಸ್ಥಿತಿ: ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್. ಪಿ-30 ಅಂದರೆ ಒಟ್ಟು ಸಮಯದ ಶೇ. 30ರಷ್ಟು ಹೊತ್ತು ಮಾತ್ರ ಆನ್. 1 ನಿಮಿಷದಲ್ಲಿ 18 ಸೆಕೆಂಡು. 800 ವ್ಯಾಟ್‌ನಂತೆ 18 ಸೆಕೆಂಡಿಗೆ 14,400 ಜೂಲ್. 120 ಮಿ.ಲೀ. ಹಾಲನ್ನು 1 ಡಿಗ್ರಿ ಏರಿಸಲು ಸುಮಾರು 470 ಜೂಲ್ ಬೇಕು. ಅಂದರೆ ಹೆಚ್ಚೆಂದರೆ 30 ಡಿಗ್ರಿ ಏರಿ, ಹಾಲು ಉಗುರುಬೆಚ್ಚಗೆ ಆಗಬೇಕು, ಅಷ್ಟೇ. ಅದೇ 1 ನಿಮಿಷ ಪೂರ್ತಿ ಪವರ್ ಹೋದರೆ ಏರಿಕೆ 100 ಡಿಗ್ರಿಯ ಆಸುಪಾಸು. ನಿಮ್ಮ ಹಾಲು ಉಕ್ಕುತ್ತಿದೆ ಎಂದರೆ ಓವನ್ ಪಿ-30ರಲ್ಲಿ ಓಡುತ್ತಲೇ ಇಲ್ಲ.

ಖಚಿತಪಡಿಸಿಕೊಳ್ಳಲು 1 ಲೀಟರ್ ನೀರನ್ನು ಗಾಜಿನ ಪಾತ್ರೆಯಲ್ಲಿಟ್ಟು ಪಿ-30ರಲ್ಲಿ 3 ನಿಮಿಷ ಓಡಿಸಿ, ಕಿವಿಗೊಟ್ಟು ಕೇಳಿ. ಫ್ಯಾನ್, ದೀಪ, ಪ್ಲೇಟು ಇಡೀ ಹೊತ್ತು ಓಡುತ್ತಿರುತ್ತವೆ, ಅವುಗಳನ್ನು ನಂಬಬೇಡಿ. ಒಳಗಿನ 'ಗುಂಯ್' ಎನ್ನುವ ಭಾರದ ಸದ್ದು ಮಾತ್ರ ಮ್ಯಾಗ್ನೆಟ್ರಾನಿನದು. ಅದು ಸುಮಾರು 10 ಸೆಕೆಂಡು ಬಂದು, 20 ಸೆಕೆಂಡು ನಿಂತು, ಮತ್ತೆ ಬರಬೇಕು (ಆವರ್ತ ಮಾಡೆಲ್‌ನಿಂದ ಮಾಡೆಲ್‌ಗೆ ಸ್ವಲ್ಪ ಬೇರೆ). ಕೊನೆಗೆ ನೀರು ಕಲಕಿ ಥರ್ಮಾಮೀಟರ್ ಇಟ್ಟರೆ ಏರಿಕೆ 10 ಡಿಗ್ರಿ ಹತ್ತಿರ ಇರಬೇಕು. 30 ದಾಟಿದ್ದರೆ ಪೂರ್ತಿ ಪವರ್ ಹೋಗುತ್ತಿದೆ.

ಯಾವ ಬಟನ್ ಯಾವ ಕ್ರಮದಲ್ಲಿ ಒತ್ತುತ್ತೀರಿ ಎಂದೂ ತಿಳಿಸಿ. '+30 ಸೆಕೆಂಡ್' ಅಥವಾ ಕ್ವಿಕ್ ಸ್ಟಾರ್ಟ್ ಬಟನ್ ಸಾಮಾನ್ಯವಾಗಿ ಪೂರ್ತಿ ಪವರ್‌ನಲ್ಲೇ ಶುರುವಾಗುತ್ತದೆ. ಬಹುಪಾಲು 'ಪವರ್ ಇಳಿಯುತ್ತಿಲ್ಲ' ದೂರುಗಳ ಮೂಲ ಇದೇ.

ಪ್ರಶ್ನೆ ಕೇಳಿದವರು

ಸದ್ದು ನೀವು ಹೇಳಿದ ಹಾಗೇ ಬಿಟ್ಟು ಬಿಟ್ಟು ಬಂತು, ನೀರು 22ರಿಂದ 31ಕ್ಕೆ ಏರಿತು. ಹಾಲಿಗೆ ಪಿ-30 ಒತ್ತಿ, ಆಮೇಲೆ +30 ಅನ್ನು ಎರಡು ಸಲ ಒತ್ತುತ್ತಿದ್ದೆ. ಈಗ ಪವರ್, ಸಮಯ, ಕೊನೆಗೆ ಸ್ಟಾರ್ಟ್ ಎಂದು ಒತ್ತಿದರೆ ಉಕ್ಕುತ್ತಿಲ್ಲ. ಖೀಮಾ ಮಾತ್ರ ಹಾಗೇ ಇದೆ. ತೂಕ ನಮೂದಿಸುವ ಆಟೋ ಡಿಫ್ರಾಸ್ಟ್ ಬಳಸುತ್ತೇನೆ.

ಉತ್ತರ 2

ಓವನ್ ಸರಿಯಿದೆ. ಖೀಮಾದ ಕಾರಣ ಬೇರೆ. ನೀರು ಮೈಕ್ರೋವೇವ್ ಅನ್ನು ಹೀರುವಷ್ಟು ಮಂಜುಗಡ್ಡೆ ಹೀರುವುದಿಲ್ಲ. ಎಲ್ಲಿ ಮೊದಲು ಒಂದು ಪದರ ಕರಗಿತೋ ಶಾಖವೆಲ್ಲ ಅಲ್ಲಿಗೇ ಸೇರುತ್ತದೆ: ಅಂಚು ಬೇಯುತ್ತದೆ, ನಡುವಿನದು ಹೆಪ್ಪುಗಟ್ಟಿಯೇ ಇರುತ್ತದೆ. ಪವರ್ ಕಡಿಮೆ ಇಡುವುದರ ಉದ್ದೇಶವೇ ಆಫ್ ಇರುವ ಹೊತ್ತಿನಲ್ಲಿ ಅಂಚಿನ ಶಾಖ ಒಳಕ್ಕೆ ಹರಿಯಲಿ ಎಂದು.

ಆಟೋ ಡಿಫ್ರಾಸ್ಟ್‌ನಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಡಬ್ಬಿಯ ತೂಕವನ್ನೂ ಸೇರಿಸಿ ನಮೂದಿಸುವುದು. ಇನ್ನೊಂದು, ನಡುವೆ ಬೀಪ್ ಬಂದಾಗ ಮಗುಚದೆ ಬಿಡುವುದು. ಎಷ್ಟೋ ಮಾಡೆಲ್‌ಗಳು ಬೀಪ್ ಮಾಡಿ, ಯಾರೂ ಬಾಗಿಲು ತೆಗೆಯದಿದ್ದರೆ ಹಾಗೇ ಮುಂದುವರಿಯುತ್ತವೆ.

ಕೈಯಾರೆ ಮಾಡುವುದೇ ನನಗೆ ಮೇಲು. ಅರ್ಧ ಕೆಜಿ ಪೂರ್ತಿ ಕರಗಲು ಪಿ-30ರಲ್ಲಿ 9-10 ನಿಮಿಷದಷ್ಟು ಶಕ್ತಿ ಬೇಕು, ಆದರೆ ಅಷ್ಟನ್ನೂ ಓವನ್‌ನಿಂದಲೇ ಕೊಡಬೇಡಿ. ಥರ್ಮೋಕೋಲ್ ತಟ್ಟೆ, ಪ್ಲಾಸ್ಟಿಕ್ ಹಾಳೆ ತೆಗೆದು, ಅಗಲವಾದ ಪಿಂಗಾಣಿ ತಟ್ಟೆಗೆ ಹಾಕಿ 3 ನಿಮಿಷ. ಮಗುಚಿ, ಮೆತ್ತಗಾದ ಭಾಗವನ್ನು ಫೋರ್ಕಿನಿಂದ ಕೆರೆದು ಬೇರೆ ಬಟ್ಟಲಿಗೆ. ಉಳಿದದ್ದು 2 ನಿಮಿಷ, ಮತ್ತೆ ಕೆರೆಯಿರಿ, ಇನ್ನೂ ಗಟ್ಟಿಯಿದ್ದರೆ 1 ನಿಮಿಷ. ಆಮೇಲೆ 5 ನಿಮಿಷ ಹಾಗೇ ಬಿಡಿ. ನಡುವೆ ಸ್ವಲ್ಪ ಮಂಜು ಉಳಿದಿದ್ದರೂ ಪರವಾಗಿಲ್ಲ. ಹೀಗೆ ಕರಗಿಸಿದ ಮಾಂಸವನ್ನು ಕೂಡಲೇ ಬೇಯಿಸಿ, ಮತ್ತೆ ಫ್ರಿಜ್‌ಗೆ ಇಡಬೇಡಿ. ಮುಂದಿನ ಸಲ ಫ್ರೀಜ್ ಮಾಡುವಾಗಲೇ ಚೀಲದಲ್ಲಿ ತೆಳ್ಳಗೆ ತಟ್ಟಿ ಇಟ್ಟರೆ ಈ ರಗಳೆಯ ಮುಕ್ಕಾಲು ಪಾಲು ಇರುವುದೇ ಇಲ್ಲ.

ಉತ್ತರ 3

ಒಂದು ಮಾತು ಸೇರಿಸುತ್ತೇನೆ. ಸರಿಯಾಗಿ ಪಿ-30 ಇಟ್ಟರೂ ತೀರಾ ಸಣ್ಣ ಪ್ರಮಾಣಕ್ಕೆ ಪೆಟ್ಟು ಬೀಳುತ್ತದೆ, ಏಕೆಂದರೆ ಆನ್ ಇರುವಾಗ ಬರುವುದು ಪೂರ್ತಿ 800 ವ್ಯಾಟೇ. 30 ಗ್ರಾಂ ಬೆಣ್ಣೆ ಮೆದುಗೊಳಿಸುವಾಗ ಪಕ್ಕದಲ್ಲಿ ಅರ್ಧ ಲೋಟ ನೀರು ಇಡಿ, ಶಕ್ತಿಯ ಬಹುಪಾಲನ್ನು ಅದು ಎಳೆದುಕೊಳ್ಳುತ್ತದೆ. ಇನ್ವರ್ಟರ್ ಓವನ್ ಆದರೆ ಪವರ್ ನಿಜವಾಗಿಯೇ ಇಳಿಯುತ್ತದೆ, ಈ ಉಪಾಯ ಅಷ್ಟಾಗಿ ಬೇಕಾಗುವುದಿಲ್ಲ. ಆದರೆ ಅದರಲ್ಲಿ ಸದ್ದಿನ ಪರೀಕ್ಷೆ ನಡೆಯದು, ನೀರಿನ ಪರೀಕ್ಷೆಯೇ ಗತಿ.

ಉಳಿದ ಸೆಟ್ಟಿಂಗ್‌ಗಳು: ಅನ್ನ ಕುದಿ ಬರುವ ತನಕ ಪಿ-100, ಆಮೇಲೆ ಪಿ-50. ತಣ್ಣಗಿನ ಊಟ ಬಿಸಿ ಮಾಡಲು ಪಿ-70, ಮುಚ್ಚಳ ಸಡಿಲವಾಗಿಟ್ಟು, ನಡುವೆ ಒಮ್ಮೆ ಕಲಕಿ. ಒಂದೇ ಬಟ್ಟಲಾದರೆ ಪ್ಲೇಟಿನ ನಡುವೆ ಇಡದೆ ಅಂಚಿಗೆ ಸರಿಸಿ, ಆಗ ಅದು ಬಿಸಿ ಜಾಗ, ತಣ್ಣನೆ ಜಾಗ ಎರಡನ್ನೂ ದಾಟುತ್ತದೆ.

ಪ್ರಶ್ನೆ ಕೇಳಿದವರು

ಪಾಕವಿಧಾನದಲ್ಲಿ '1000 ವ್ಯಾಟ್, 4 ನಿಮಿಷ' ಎಂದಿದ್ದರೆ?

ಉತ್ತರ 1

4 × 1000 ÷ 800, ಅಂದರೆ 5 ನಿಮಿಷ. 4ಕ್ಕೇ ಒಮ್ಮೆ ತೆಗೆದು ನೋಡಿ. ಲೆಕ್ಕಕ್ಕೆ ಔಟ್‌ಪುಟ್ ವ್ಯಾಟ್ ಹಿಡಿಯಿರಿ, ಅದೇ ಲೇಬಲ್ಲಿನಲ್ಲಿ 1200ರ ಹತ್ತಿರ ಇರುವ ಸಂಖ್ಯೆ ಗೋಡೆಯಿಂದ ಎಳೆಯುವ ಇನ್‌ಪುಟ್. ಹಳೆಯ ಓವನ್ ಲೇಬಲ್ಲಿನಷ್ಟು ಕೊಡುತ್ತಿದೆಯೇ ಎಂಬ ಅನುಮಾನವಿದ್ದರೆ 1 ಲೀಟರ್ ತಣ್ಣೀರನ್ನು ಪಿ-100ರಲ್ಲಿ ಸರಿಯಾಗಿ 1 ನಿಮಿಷ ಇಟ್ಟು, ಕಲಕಿ, ಏರಿದ ಡಿಗ್ರಿಯನ್ನು 70ರಿಂದ ಗುಣಿಸಿ. 11 ಡಿಗ್ರಿ ಏರಿದರೆ 770 ವ್ಯಾಟ್, ಚೆನ್ನಾಗಿದೆ. 7ಕ್ಕಿಂತ ಕೆಳಗೆ ಬಂದರೆ ಸರ್ವಿಸ್‌ನವರಿಗೆ ತೋರಿಸಿ. ಹೊರಕವಚ ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.