ಪೀಣ್ಯದ ಹಳೆಯ ಯುನಿಕ್ಸ್ ಸರ್ವರ್, ಎತ್ತಿಕೊಂಡು ಕೈಬಿಡುವ ಮೋಡೆಮ್: ಅನುಭವವಿದ್ದವರು ತಿಳಿಸಿ

ಪೀಣ್ಯ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ. ನಮ್ಮದು ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಲೆಕ್ಕಪತ್ರ, ದಾಸ್ತಾನು ಎಲ್ಲವೂ 1998ರಿಂದ ಒಂದೇ ಎಸ್‌ಸಿಓ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಸರ್ವರ್ ಮೇಲೆ ನಡೆದುಕೊಂಡು ಬಂದಿದೆ. ಆ ತಂತ್ರಾಂಶ ಬರೆದವರು ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ. ಏನಾದರೂ ಕೆಟ್ಟರೆ ಮನೆಯಿಂದಲೇ ನಮ್ಮ ಮೋಡೆಮ್‌ಗೆ ಡಯಲ್ ಮಾಡಿ, ಒಳಗೆ ಬಂದು ಸರಿಪಡಿಸುತ್ತಾರೆ. ಮೂರು ವಾರದಿಂದ ಅದು ಆಗುತ್ತಿಲ್ಲ. ಮೋಡೆಮ್ ಎರಡನೇ ರಿಂಗಿಗೆ ಎತ್ತಿಕೊಳ್ಳುತ್ತದೆ, ಎಂದಿನಂತೆ ಕಿರುಚುತ್ತದೆ, ಅರ್ಧ ನಿಮಿಷ ಕಿರುಚಿ ನೋ ಕ್ಯಾರಿಯರ್, ಅಂದರೆ ಅತ್ತಲಿನ ಮೋಡೆಮ್‌ನ ಸಂಕೇತ ಸಿಗುತ್ತಿಲ್ಲ, ಎಂದು ಕೈಬಿಡುತ್ತದೆ. ಹತ್ತಕ್ಕೊಮ್ಮೆ ಲಾಗಿನ್ ತನಕ ಬಂದು, ಪರದೆ ತುಂಬ ಕಸ ಸುರಿದು ಕಡಿದುಹೋಗುತ್ತದೆ. ಪರಿಚಯದವರಿಂದ ಬೇರೆ ಮೋಡೆಮನ್ನು ಕೇಬಲ್ ಸಮೇತ ತಂದು ಹಾಕಿದೆವು, ಅದೇ ರಾಗ. ಮಾತನಾಡಿದರೆ ಲೈನು ಸ್ವಚ್ಛ. ಮೊದಲಿಗಿಂತ ಚೆನ್ನಾಗಿಯೇ ಕೇಳಿಸುತ್ತದೆ. ಹಿಂದಿನ ತಿಂಗಳು ದೂರವಾಣಿಯವರು ಬಂದು ಗೋಡೆಗೆ ಬಿಳಿ ಪೆಟ್ಟಿಗೆಯೊಂದನ್ನು ಹೊಡೆದು ಹೋದದ್ದು ಬಿಟ್ಟರೆ ಇಲ್ಲಿ ಏನೂ ಬದಲಾಗಿಲ್ಲ. ಇನ್ನೊಂದು ಮೋಡೆಮ್ ಕೊಳ್ಳಬೇಕೋ, ಸರ್ವರ್‌ನಲ್ಲಿ ಏನಾದರೂ ಬದಲಿಸಬೇಕೋ ತಿಳಿಯದಾಗಿದೆ. ಮಾರ್ಚ್ ಲೆಕ್ಕ ತಲೆಯ ಮೇಲಿದೆ.

ಇಪ್ಪತ್ತೈದು ಪಿನ್ನು

ಕೇಬಲ್ ನೋಡಿ. ಉಳಿದ ಮಾತೆಲ್ಲ ಆಮೇಲೆ.

1999ರಲ್ಲಿ ರಾಜಾಜಿನಗರದ ಒಂದು ಸಹಕಾರ ಸಂಘದ ಸರ್ವರನ್ನು ನನ್ನ ತಲೆಗೆ ಕಟ್ಟಿದ್ದರು. ಅದೂ ಎಸ್‌ಸಿಓ. ಹೊರಗಿಡುವ ಮೋಡೆಮ್‌ಗೆ 9,800 ರೂಪಾಯಿ ತೆತ್ತೆ. ಕಾರ್ಯದರ್ಶಿ ಮೂರು ಸಭೆಗಳಲ್ಲಿ ಅದನ್ನೇ ಎತ್ತಿ ಆಡಿದರು. ಅಷ್ಟು ತೆತ್ತವನು 350 ರೂಪಾಯಿಯ ಕೇಬಲ್‌ನಲ್ಲಿ ಉಳಿತಾಯ ಮಾಡಲು ಹೋಗಿ, ಎಸ್.ಪಿ. ರಸ್ತೆಯ ಗಲ್ಲಿಯೊಂದರಲ್ಲಿ 120ಕ್ಕೆ ಕಟ್ಟಿಸಿಕೊಂಡು ಬಂದೆ. ಬಿಚ್ಚಿ ನೋಡಿದಾಗ ಒಳಗೆ ಮೂರೇ ತಂತಿ: ಎರಡು, ಮೂರು, ಏಳು. ಕ್ಯಾರಿಯರ್ ಇದೆಯೋ ಇಲ್ಲವೋ ಎಂದು ಹೇಳುವ ಎಂಟನೇ ಪಿನ್ನಿಗೂ, ಸರ್ವರ್ ಸಿದ್ಧವಿದೆ ಎಂದು ಮೋಡೆಮ್‌ಗೆ ಹೇಳುವ ಡಿಟಿಆರ್‌ನ ಇಪ್ಪತ್ತನೇ ಪಿನ್ನಿಗೂ ಬೆಸುಗೆಯೇ ಇಲ್ಲ. ಅಕ್ಷರಗಳು ಹೋಗುತ್ತವೆ, ಬರುತ್ತವೆ. ಲೈನು ಕಡಿದದ್ದು ಮಾತ್ರ ಸರ್ವರ್‌ಗೆ ತಿಳಿಯುವುದೇ ಇಲ್ಲ. ಒಂದು ಸಂಜೆ ನಾನು ರೂಟ್ ಆಗಿ, ಅಂದರೆ ಎಲ್ಲ ಅಧಿಕಾರವುಳ್ಳ ಬಳಕೆದಾರನಾಗಿ, ಒಳಗಿದ್ದಾಗ ಫೋನು ಸತ್ತಿತು. ಮರುದಿನ ಶಾಖೆಯ ಗುಮಾಸ್ತ ಡಯಲ್ ಮಾಡಿದರೆ ಲಾಗಿನ್ ಕೇಳದೆ ನೇರ ನನ್ನ ಹ್ಯಾಶ್ ಚಿಹ್ನೆ, ರೂಟ್ ಆಜ್ಞೆಗೆ ಕಾಯುವ ಗುರುತು, ಅವನೆದುರು ಕುಳಿತಿದೆ! ಪುಣ್ಯಕ್ಕೆ ಅದೇನೆಂದು ಅವನಿಗೆ ಗೊತ್ತಿರಲಿಲ್ಲ. ಎಂಟರ್ ಒತ್ತಿ ಒತ್ತಿ ಸುಸ್ತಾಗಿ ನನಗೆ ಫೋನ್ ಮಾಡಿದ.

ಒಳ್ಳೆಯ ಕೇಬಲ್ ತಂದ ಮೇಲೂ ಅದೇ ಕಥೆ. ಲಾಗಿನ್ ಕೇಳುವ ಗೆಟ್ಟಿ ಎಂಬ ಪ್ರೋಗ್ರಾಮನ್ನು ಟಿಟಿವೈ1 ಸಣ್ಣ ಎ ಎಂಬ ಪೋರ್ಟಿನ ಹೆಸರಿನ ಮೇಲೆ ಕೂರಿಸಿದ್ದೆ. ಮೋಡೆಮ್‌ನ ಸಂಜ್ಞೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದೇ ಪೋರ್ಟಿನ ದೊಡ್ಡ ಎ. ಒಂದಕ್ಷರಕ್ಕೆ ಹನ್ನೊಂದು ರಾತ್ರಿ ಕೊಟ್ಟೆ. ಅದು ಮುಗಿಯಿತು ಎನ್ನುವಾಗ ಗೆಟ್ಟಿಗೂ ಮೋಡೆಮ್‌ಗೂ ಜುಗಲ್‌ಬಂದಿ ಶುರುವಾಯಿತು: ಇದು ಲಾಗಿನ್ ಎನ್ನುತ್ತದೆ, ಅದು ಅದನ್ನೇ ಮರಳಿ ನುಡಿಯುತ್ತದೆ, ಇದು ಅದನ್ನು ಯಾರದೋ ಹೆಸರೆಂದು ನಂಬಿ ಪಾಸ್‌ವರ್ಡ್ ಕೇಳುತ್ತದೆ, ಅದನ್ನೂ ಅದು ಮರಳಿ ನುಡಿಯುತ್ತದೆ. ಬೆಳಗಿನ ತನಕ. ಮರುನುಡಿ ನಿಲ್ಲಿಸುವ ಇ0, ಉತ್ತರ ನಿಲ್ಲಿಸುವ ಕ್ಯೂ1 ಆಜ್ಞೆ ಎರಡನ್ನೂ ಮೋಡೆಮ್‌ನ ನೆನಪಿನಲ್ಲಿ ಬರೆದಿಟ್ಟ ಮೇಲೆ ಬಾಯಿ ಮುಚ್ಚಿತು. ಆ ಮೋಡೆಮ್ ಈಗಲೂ ನನ್ನ ಅಟ್ಟದ ಮೇಲಿದೆ, ಈಗಲೂ ಕೆಲಸ ಮಾಡುತ್ತದೆ.

ಬಸವನಗುಡಿ ಪಿಪಿಪಿ

ನಿಮ್ಮದು ಹೊರಗಿನಿಂದ ಒಳಬರುವ ಕರೆ, ನನ್ನದು ಒಳಗಿನಿಂದ ಹೊರಹೋಗುವ ಕರೆ. ಆದರೂ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು.

2000ದಲ್ಲಿ ನಮ್ಮ ಮುದ್ರಣಾಲಯದಲ್ಲಿ ಲಿನಕ್ಸ್ ಸರ್ವರ್ ಇಟ್ಟು, ಫೋನ್ ಲೈನಿನಲ್ಲಿ ಸಂಪರ್ಕ ಕೂಡಿಸುವ ಪಿಪಿಪಿಡಿ ಪ್ರೋಗ್ರಾಮಿನ ಮೂಲಕ ಇಂಟರ್ನೆಟ್ ಎಳೆದುಕೊಂಡು ಆರು ವಿಂಡೋಸ್ 95 ಯಂತ್ರಗಳಿಗೆ ಹಂಚುವ ಏರ್ಪಾಡು ಮಾಡಿದೆ. ಮೊದಲ ವಾರವಿಡೀ ಹೋದದ್ದು ಡಯಲ್ ಮಾಡಿ ಲಾಗಿನ್ ಆಗುವ ಚಾಟ್ ಸ್ಕ್ರಿಪ್ಟಿನಲ್ಲಿ. ಅತ್ತಲಿನವರು ಲಾಗಿನ್ ಕೇಳುವುದನ್ನೇ ಬಿಟ್ಟು, ಹೆಸರು ಪಾಸ್‌ವರ್ಡ್‌ಗಳನ್ನು ಸಂಪರ್ಕದೊಳಗೇ ಪರೀಕ್ಷಿಸುವ ಪ್ಯಾಪ್‌ಗೆ ಹೋಗಿದ್ದರು. ನನ್ನ ಸ್ಕ್ರಿಪ್ಟ್ ಬಾರದ ಲಾಗಿನ್‌ಗಾಗಿ ಕಾದು ಕಾದು ಫೋನಿಡುತ್ತಿತ್ತು. ಅದು ಸರಿಹೋಯಿತು, ವಿಳಾಸ ಸಿಕ್ಕಿತು, ಆದರೂ ಪರೀಕ್ಷೆಗೆ ಕಳುಹಿಸುವ ಒಂದು ಪಿಂಗ್ ಆಚೆ ಹೋಗಲಿಲ್ಲ. ಮಾರನೆಯ ವಾರ ದಾಖಲೆ ಕಡತದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ಈಥರ್ನೆಟ್, ಅಂದರೆ ಒಳಜಾಲದ, ಕಡೆಗೆ ಡೀಫಾಲ್ಟ್ ರೂಟ್ (ಹೊರಹೋಗುವ ದಾರಿ) ಆಗಲೇ ಇದೆ, ಅದನ್ನು ಬದಲಿಸುವುದಿಲ್ಲ ಎಂದು ಪಿಪಿಪಿಡಿ ಮೊದಲ ದಿನದಿಂದಲೂ ಬರೆಯುತ್ತಲೇ ಇತ್ತು. ಹೊರಗೆ ಹೋಗಬೇಕಾದ್ದನ್ನೆಲ್ಲ ಸರ್ವರ್ ನಮ್ಮ ಮುದ್ರಣ ಯಂತ್ರಗಳತ್ತ ತಳ್ಳುತ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಬೇಕೆಂದಾಗ ತಾನೇ ಡಯಲ್ ಮಾಡುವ ಹಾಗೆ ಹೊಂದಿಸಿ ಬೀಗಿದೆ. ಎರಡು ತಿಂಗಳ ಬಿಲ್ಲು ಬಂತು, 14,260 ರೂಪಾಯಿ. ಅಪ್ಪ ಬಿಲ್ಲನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟರು, ಒಂದು ಮಾತೂ ಆಡಲಿಲ್ಲ. ರಾತ್ರಿ ಬೀಗ ಹಾಕಿದ ಮೇಲೂ ಯಾರೋ ಆರಿಸದೆ ಬಿಟ್ಟ ವಿಂಡೋಸ್ ಯಂತ್ರ ಅಕ್ಕಪಕ್ಕದ ಯಂತ್ರಗಳ ಹೆಸರು ವಿಚಾರಿಸುತ್ತಿತ್ತು. 137ನೇ ಪೋರ್ಟಿನ ಆ ಪಿಸುಮಾತಿಗೆ ಸರ್ವರ್ ಎದ್ದು ಡಯಲ್ ಮಾಡುತ್ತಿತ್ತು. ಮಿಂಚಂಚೆ ಕಳುಹಿಸುವ ಸೆಂಡ್‌ಮೇಲ್ ತನ್ನ ಸರದಿಯನ್ನು ನೋಡಿದಾಗಲೆಲ್ಲ ಇನ್ನೊಂದು ಕರೆ. ಎರಡಕ್ಕೂ ತಡೆ ಹಾಕಿದ ಮೇಲೆ ಬಿಲ್ಲು ಮೂರು ಸಾವಿರದ ಒಳಗೆ ಬಂತು. ಲಿನಕ್ಸ್ ಬಗ್ಗೆ ನನಗೆ ಇವತ್ತಿಗೂ ದೂರಿಲ್ಲ.

ಹಳೆಯ ಯುನಿಕ್ಸಿನವ

ಪ್ರಶ್ನೆ ಕೇಳಿದವರು ಯುನಿಕ್ಸ್ ಎಂದು ಬರೆದಿದ್ದಾರೆ. ಲಿನಕ್ಸ್ ಯುನಿಕ್ಸ್ ಅಲ್ಲ, ಯುನಿಕ್ಸ್‌ನಂತಹದು. ಮುದ್ರಣಾಲಯದ ಪುರಾಣಕ್ಕೂ ಪೀಣ್ಯದ ಮೋಡೆಮ್‌ಗೂ ಏನು ಸಂಬಂಧ?

ಬಸವನಗುಡಿ ಪಿಪಿಪಿ

ಸಂಬಂಧ ಇಲ್ಲವೆಂದು ನಾನೇ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ತಾವು ಬರೆದ ಮೂರು ವಾಕ್ಯಗಳಲ್ಲಿ ಅವರಿಗೆ ಏನು ಉಪಕಾರವಾಯಿತು ಎಂಬುದನ್ನೂ ತಿಳಿಸಿ.

ಎರಡು ಸಲ ಸುಟ್ಟುಕೊಂಡವ

ಹೊರಗಿನ ಮೋಡೆಮ್ ಅಟ್ಟದ ಮೇಲಿದೆಯಂತೆ! 9,800 ಕೊಡಲು ಎಲ್ಲರಿಗೂ ಸಹಕಾರ ಸಂಘದ ದುಡ್ಡಿರುವುದಿಲ್ಲ ಸ್ವಾಮಿ. ನಾನು ಸ್ವಂತ ದುಡ್ಡಿನಲ್ಲಿ 1,900 ರೂಪಾಯಿಯ ಒಳ ಮೋಡೆಮ್ ಕೊಂಡೆ. ಅಂಗಡಿಯವನು ಎಲ್ಲದರಲ್ಲೂ ನಡೆಯುತ್ತದೆ ಎಂದ. ಮನೆಗೆ ತಂದು ಹಾಕಿದರೆ ಲಿನಕ್ಸ್‌ಗೆ ಅಲ್ಲೊಂದು ಮೋಡೆಮ್ ಇದೆಯೆಂದೇ ತಿಳಿಯದು. ಅದು ವಿನ್‌ಮೋಡೆಮ್. ಮೋಡೆಮ್ ಮಾಡಬೇಕಾದ ಕೆಲಸವನ್ನು ವಿಂಡೋಸ್ ಚಾಲಕದ ಮೂಲಕ ಗಣಕದ ಪ್ರೊಸೆಸರ್ ತಲೆಗೆ ಹೊರಿಸಿ, ತಾನು ಬರಿಯ ಫೋನ್ ಸಾಕೆಟ್ ಆಗಿ ಕೂರುವ ಹಲಗೆ. ಮರಳಿ ಕೊಡಲು ಹೋದರೆ ಡಬ್ಬ ಒಡೆದಿದೆ ಎಂದ. ಎಂಟು ತಿಂಗಳ ಮೇಲೆ ಯಾರೋ ಒಂದು ಚಾಲಕ ಬಿಟ್ಟರು, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಂದೇ ಒಂದು ಆವೃತ್ತಿಗೆ ಹೊಂದುವಂಥದ್ದು. ಕರ್ನಲ್ ಬದಲಿಸಿದ ದಿನ ಅದೂ ಹೋಯಿತು. ಮತ್ತೆ 2,400 ಕೊಟ್ಟು ಇನ್ನೊಂದು ತಂದೆ. ಅದೂ ಅದೇ ಜಾತಿ. ಆಟೋದ ಬಾಡಿಗೆಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಇಪ್ಪತ್ತೈದು ಪಿನ್ನು

ಅಗ್ಗದ್ದನ್ನು ಎರಡು ಸಲ ಕೊಂಡು 4,300 ಕಳೆದುಕೊಂಡವರು ನನಗೆ ಲೆಕ್ಕ ಹೇಳುತ್ತಿದ್ದಾರೆ. ಹೊರಗಿನದಕ್ಕೆ ದೀಪಗಳಿರುತ್ತವೆ. ಕ್ಯಾರಿಯರ್ ದೀಪ ಹತ್ತಿತೇ, ಆರಿತೇ ಎಂದು ಕಣ್ಣಾರೆ ಕಾಣುತ್ತದೆ. ಹೊಟ್ಟೆಯೊಳಗಿನದಕ್ಕೆ ಏನಾಯಿತೆಂದು ಜಾತಕ ನೋಡಬೇಕು.

ಎರಡು ಸಲ ಸುಟ್ಟುಕೊಂಡವ

ಸಂಘದ ಸದಸ್ಯರ ದುಡ್ಡಿನ ದೀಪ. ಅಟ್ಟ ಮಾತ್ರ ನಿಮ್ಮದು.

ಇಪ್ಪತ್ತೈದು ಪಿನ್ನು

ಸಂಘ ಮುಚ್ಚಿದಾಗ ಹರಾಜಿನಲ್ಲಿ 400 ರೂಪಾಯಿಗೆ ಕೊಂಡೆ. ರಸೀದಿ ಇದೆ. ನೋಡಬೇಕೇ?

ಮಲ್ಲೇಶ್ವರದ ಮಳೆ

ಕೇಬಲ್ಲೂ ಅಲ್ಲ, ಮೋಡೆಮ್ಮೂ ಅಲ್ಲ. ಬೆಂಗಳೂರಿನಲ್ಲಿ ಮೋಡೆಮ್ ಕೆಟ್ಟಿತು ಎಂದರೆ ಬೀದಿಯ ಕೊನೆಯ ಕಂಬದ ಪೆಟ್ಟಿಗೆಗೆ ನೀರು ಹೋಗಿದೆ ಎಂದೇ ಅರ್ಥ. ನಮ್ಮಲ್ಲಿ ಬೇಸಿಗೆಯಲ್ಲಿ ಸೆಕೆಂಡಿಗೆ 44,000 ಬಿಟ್‌ನಂತೆ ಸಿಗುತ್ತಿದ್ದ ಸಂಪರ್ಕ ಮುಂಗಾರು ಬಿದ್ದೊಡನೆ 19,200ಕ್ಕೆ ಇಳಿಯುತ್ತಿತ್ತು. ಲೈನ್‌ಮನ್ ಬಂದು ರಿಸೀವರ್ ಕಿವಿಗಿಟ್ಟು, ಮಾತು ಕೇಳಿಸುತ್ತದಲ್ಲ ಸಾರ್ ಎಂದು ಹೋಗುತ್ತಿದ್ದರು. ಮೂರು ವರ್ಷ ಕಾದು, ಕೊನೆಗೆ ಒಬ್ಬ ಹಿರಿಯ ಲೈನ್‌ಮನ್ ಒಂದು ಮಧ್ಯಾಹ್ನ ಕುಳಿತು ಕಿಲುಬು ಹಿಡಿದ ಜೋಡಣೆಗಳನ್ನೆಲ್ಲ ಕತ್ತರಿಸಿ ಹೊಸದಾಗಿ ಹೆಣೆದರು. ಎರಡು ಕಾಫಿ, ಒಂದು ತಟ್ಟೆ ಉಪ್ಪಿಟ್ಟು. ಅಷ್ಟೇ ಖರ್ಚು.

ಹಳೆಯ ಯುನಿಕ್ಸಿನವ

ಅವರ ಲೈನು ಸ್ವಚ್ಛವಾಗಿದೆ ಎಂದು ಬರೆದಿದ್ದಾರೆ. ಮಳೆಯೂ ಇಲ್ಲ, ಈಗ ಮಾರ್ಚ್.

ಮೋಡಕ್ಕೆ ಹೋದವ

ಇಷ್ಟೆಲ್ಲ ಏಕೆ? ಹಳೆಯ ಡಬ್ಬ ಎಸೆಯಿರಿ. ನಾನು ನನ್ನ ಲೆಕ್ಕವನ್ನೆಲ್ಲ ಕ್ಲೌಡಿಗೆ ಹಾಕಿದೆ, ನೆಮ್ಮದಿಯಾಗಿದ್ದೇನೆ. ದತ್ತಾಂಶ ಸಾಗಿಸಲು 1,85,000 ಆಯಿತು. ಹಳೆಯ ದಾಸ್ತಾನಿನ ಸಂಕೇತಗಳು ಹೊಂದದೆ ನಾಲ್ಕು ತಿಂಗಳು ಇಬ್ಬರು ಹುಡುಗರು ಕೈಯಾರೆ ತುಂಬಿದರು. ಒಂದು ವರ್ಷದ ಮಾರಾಟ ತೆರಿಗೆಯ ವಿವರ ಮಾತ್ರ ಸಿಗಲೇ ಇಲ್ಲ. ಅದು ಬಿಟ್ಟರೆ ನೆಮ್ಮದಿ.

ಬಸವನಗುಡಿ ಪಿಪಿಪಿ

ಈ ನೆಮ್ಮದಿಗೆ ಹೋಲಿಸಿದರೆ ನನ್ನ 14,260 ಸಸ್ತಾ. ಅಂದಹಾಗೆ 1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗಿನಿಂದ ನಾನು ಇದರ ಹಿಂದೆ ಬಿದ್ದವನು. ನನಗೆ ಯುನಿಕ್ಸ್ ಪಾಠ ಬೇಡ.

ಹಳೆಯ ಯುನಿಕ್ಸಿನವ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾಸಂಸ್ಥೆಗಳ ಜಾಲವಾದ ಅರ್ನೆಟ್ ಅದಕ್ಕೂ ಮೊದಲೇ ಇತ್ತು. ಯಂತ್ರದಿಂದ ಯಂತ್ರಕ್ಕೆ ಡಯಲ್ ಮಾಡಿ ಸಾಗಿಸುವ ಯುಯುಸಿಪಿಯಲ್ಲಿ ಅಂಚೆ ಕಳುಹಿಸಿ ಉತ್ತರಕ್ಕೆ ಮರುದಿನದ ತನಕ ಕಾದವರ ಮುಂದೆ 1995 ಎಂದು ಹೇಳಿಕೊಳ್ಳಬೇಡಿ.

ಬಸವನಗುಡಿ ಪಿಪಿಪಿ

ಸಾರ್ವಜನಿಕರಿಗೆ ಎಂದು ಬರೆದಿದ್ದೇನೆ. ಕನ್ನಡ ಓದಲು ಬರುತ್ತದೆಯಷ್ಟೇ?

ವಿಜಯನಗರದ ತಂತಿ

ಕ್ಷಮಿಸಿ, ನಡುವೆ ಬಾಯಿ ಹಾಕುತ್ತಿದ್ದೇನೆ. ಆ ಬಿಳಿ ಪೆಟ್ಟಿಗೆಯ ಬಗ್ಗೆ ಯಾರೂ ಕೇಳಲಿಲ್ಲವಲ್ಲ? ಅದರೊಳಕ್ಕೆ ತೆಳ್ಳನೆಯ ಫೈಬರ್ ಹೋಗಿ, ಅದರಿಂದ ನಿಮ್ಮ ಫೋನಿಗೆ ತಂತಿ ಬರುತ್ತಿದ್ದರೆ ನಿಮ್ಮ ತಾಮ್ರದ ಲೈನು ಈಗ ಇಲ್ಲ. ಧ್ವನಿಯನ್ನು ಚೂರುಚೂರಾಗಿ ಪ್ಯಾಕೆಟ್‌ಗಳಲ್ಲಿ ಕಳುಹಿಸುತ್ತಿದ್ದಾರೆ. ಮನುಷ್ಯರ ಕಿವಿಗೆ ಅದು ಮೊದಲಿಗಿಂತ ಸ್ವಚ್ಛ, ಮೋಡೆಮ್‌ಗೆ ಯಮಯಾತನೆ. ಒಂದು ಪ್ಯಾಕೆಟ್ ತಡವಾದರೂ ಅದರ ತಾಳ ತಪ್ಪುತ್ತದೆ. ವೇಗದ ಮೋಡೆಮ್‌ಗಳು ಎರಡೂ ದಿಕ್ಕಿಗೆ ಒಂದೇ ತರಂಗ ಪಟ್ಟಿಯಲ್ಲಿ ಮಾತನಾಡಿ, ತಮ್ಮ ಪ್ರತಿಧ್ವನಿಯನ್ನು ತಾವೇ ಅಳಿಸಿಕೊಳ್ಳುತ್ತವೆ. ನಡುವೆ ಪೆಟ್ಟಿಗೆಯೂ ಪ್ರತಿಧ್ವನಿ ಅಳಿಸಲು ಬಂದರೆ ಕೆಟ್ಟಿತು. ಎರಡೂ ಕಡೆಯ ಮೋಡೆಮ್‌ಗಳನ್ನು 2400ಕ್ಕೆ ಇಳಿಸಿ ನೋಡಿ. ಆ ವೇಗದ ವಿ.22ಬಿಸ್ ಎಂಬ ವಿಧಾನ ಎರಡು ದಿಕ್ಕಿಗೂ ಬೇರೆ ಬೇರೆ ಪಟ್ಟಿ ಬಳಸುವುದರಿಂದ ಅದಕ್ಕೆ ಆ ಗೊಡವೆಯಿಲ್ಲ. ಒಂದು ಪರದೆ ತುಂಬಲು ಎಂಟು ಸೆಕೆಂಡು ಹಿಡಿಯುತ್ತದೆ, ಹಿಡಿಯಲಿ. ಮೋಡೆಮ್ ಮತ್ತು ಸರ್ವರ್ ನಡುವಿನ ವೇಗವನ್ನು ಮುಟ್ಟಬೇಡಿ.

ಮಲ್ಲೇಶ್ವರದ ಮಳೆ

ನಾನೂ ಲೈನ್ ಎಂದೇ ಹೇಳಿದ್ದೆ.

ಪೀಣ್ಯ ಎರಡನೇ ಹಂತ

ಪೆಟ್ಟಿಗೆಗೆ ಹೋಗುವುದು ಫೈಬರೇ. 2400ಕ್ಕೆ ಇಳಿಸಿದೆವು. ಮೊದಲ ಸಲಕ್ಕೇ ಸಿಕ್ಕಿತು, ನಲವತ್ತು ನಿಮಿಷ ನಿಂತಿತು. ಮೈಸೂರಿನವರು ಲೆಕ್ಕದ ಕಡತವೊಂದನ್ನು ಸರಿಪಡಿಸುತ್ತಿದ್ದಾಗ ಅವರ ಕಡೆ ವಿದ್ಯುತ್ ಹೋಗಿ ಕಡಿಯಿತು. ವಿಜಯನಗರದವರಿಗೆ ತುಂಬಾ ಧನ್ಯವಾದ. ಉಳಿದವರಿಗೂ.

ಎರಡು ಸಲ ಸುಟ್ಟುಕೊಂಡವ

ಹಾಗಾದರೆ ಕೇಬಲ್ ಪಂಡಿತರ ಹನ್ನೊಂದು ರಾತ್ರಿಯ ಕಥೆ ನೀರಿಗೆ ಹೋಯಿತು.

ಇಪ್ಪತ್ತೈದು ಪಿನ್ನು

ಸಂಪರ್ಕ ಸಿಕ್ಕಿದ ಮಾತ್ರಕ್ಕೆ ಕೇಬಲ್ ಸರಿಯಿದೆ ಎಂದಾಗುವುದಿಲ್ಲ. ಬೇರೆ ಯಾರದೋ ಮೋಡೆಮ್, ಬೇರೆ ಯಾರದೋ ಕೇಬಲ್ ಅದು. ಪೀಣ್ಯದವರೇ, ಲೈನು ತಾನಾಗಿ ಕಡಿಯಿತು ಎಂದಿರಿ. ಈಗ ಮತ್ತೆ ಡಯಲ್ ಮಾಡಿಸಿ, ಲಾಗಿನ್ ಕೇಳುತ್ತದೆಯೇ ನೋಡಿ. ಕೇಳದಿದ್ದರೆ ರಾಜಾಜಿನಗರಕ್ಕೆ ಬನ್ನಿ, ಎಂಟೂ ತಂತಿ ಬೆಸೆದ ಕೇಬಲ್ ಅಟ್ಟದಲ್ಲಿದೆ. ದುಡ್ಡು ಬೇಡ.

ಹಳೆಯ ಯುನಿಕ್ಸಿನವ

ಗೆಟ್ಟಿ ಯಾವ ಎ ಮೇಲೆ ಕುಳಿತಿದೆ ಎಂಬುದನ್ನೂ ನೋಡಲಿ.

ಪೀಣ್ಯ ಎರಡನೇ ಹಂತ

ಈಗಷ್ಟೇ ಮಾಡಿಸಿದೆ. ಲಾಗಿನ್ ಕೇಳಲಿಲ್ಲ. ನೇರ ಹ್ಯಾಶ್ ಚಿಹ್ನೆ ಬಂತು. ಎ ದೊಡ್ಡದೇ ಇದೆ. ಭಾನುವಾರ ಎಷ್ಟು ಹೊತ್ತಿಗೆ ಬರಲಿ ಸಾರ್?