ಗೆಟ್‌ಲೈನ್ ಅಂತ ಹೆಸರಿಟ್ಟರೆ ಉಬುಂಟು ಯಾಕೆ ಒಪ್ಪಲ್ಲ?

ಪ್ರಶ್ನೆ: ನಮಸ್ಕಾರ ಸಾರ್, ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಆಲೆಮನೆಗೆ ಬರೋ ಕಬ್ಬಿನ ಗಾಡಿಗಳ ತೂಕವೆಲ್ಲ ಒಂದು ಫೈಲಿನಲ್ಲಿದೆ, ಗಾಡಿಗೊಂದು ಸಾಲು. ಅದನ್ನು ಓದೋಕೆ ಸಿ ಯಲ್ಲಿ ಒಂದು ಫಂಕ್ಷನ್ ಬರೆದು ಗೆಟ್‌ಲೈನ್ ಅಂತ ಹೆಸರಿಟ್ಟೆ. ಲ್ಯಾಬಿನ ಹಳೇ ಕಂಪೈಲರ್ ಟರ್ಬೋ ಸಿ ಯಲ್ಲಿ ಚೆನ್ನಾಗಿ ಓಡಿತು. ಮನೆಯ ಉಬುಂಟು ಲಿನಕ್ಸ್‌ನಲ್ಲಿ ‘ಕಾನ್‌ಫ್ಲಿಕ್ಟಿಂಗ್ ಟೈಪ್ಸ್’ ಅಂತ ಎರರ್. ಫ್ರೆಂಡ್ ಸ್ಟಾಟಿಕ್ ಹಾಕು ಅಂದ, ಹಾಕಿದರೂ ಎರರ್. ಸಿದ್ಧ ಫಂಕ್ಷನ್‌ಗಳ ಪಟ್ಟಿ ಇರೋ ಹೆಡರ್ ಫೈಲನ್ನೇ ತೆಗೆಯೋಣ ಅಂದರೆ, ತೆರೆಯ ಮೇಲೆ ಬರೆಯೋ ಪ್ರಿಂಟ್‌ಎಫ್ ಬೇಕಲ್ಲ?

ಉತ್ತರ: ಹೆಡರ್ ಮುಟ್ಟಬೇಡಿ, ನಿಮ್ಮ ಫಂಕ್ಷನ್‌ನ ಹೆಸರು ಬದಲಾಯಿಸಿ. ಯೂನಿಕ್ಸ್ ಥರದ ಸಿಸ್ಟಮ್‌ಗಳಿಗಿರೋ ಸ್ಟ್ಯಾಂಡರ್ಡ್ ಪಾಸಿಕ್ಸ್, ಅದರ 2008ರ ಆವೃತ್ತಿಯಲ್ಲಿ ಗೆಟ್‌ಲೈನ್ ಅನ್ನೋ ಫಂಕ್ಷನ್ ಸೇರಿತು, ಹಾಗಾಗಿ ಲಿನಕ್ಸ್‌ನ ಎಸ್‌ಟಿಡಿಐಒ ಹೆಡರ್‌ನಲ್ಲೇ ಅದರ ಡಿಕ್ಲರೇಶನ್ ಕೂತಿದೆ. ಅದಕ್ಕೆ ಮೂರು ಆರ್ಗ್ಯುಮೆಂಟ್, ನಿಮ್ಮದಕ್ಕೆ ಬಹುಶಃ ಎರಡೇ. ಟರ್ಬೋ ಸಿ ಅದಕ್ಕಿಂತ ಎಷ್ಟೋ ಹಳೆಯದು, ಅದಕ್ಕೆ ಅಲ್ಲಿ ಜಗಳವೇ ಇರಲಿಲ್ಲ. ಸ್ಟಾಟಿಕ್ ಇಲ್ಲಿ ಕೆಲಸಕ್ಕೆ ಬರಲ್ಲ, ಯಾಕಂದ್ರೆ ಹೆಡರ್ ಮೊದಲೇ ಅದನ್ನು ಎಲ್ಲರಿಗೂ ಕಾಣುವ ಫಂಕ್ಷನ್ ಅಂತ ಹೇಳಿಬಿಟ್ಟಿದೆ, ನೀವು ಆಮೇಲೆ ಬಂದು ಇಲ್ಲ ಇದು ನನ್ನ ಫೈಲಿಗಷ್ಟೇ ಅಂದರೆ ಕಂಪೈಲರ್ ಕೇಳಲ್ಲ.

ಸಿ ಯಲ್ಲಿ ನೇಮ್‌ಸ್ಪೇಸ್, ಅಂದರೆ ಹೆಸರುಗಳನ್ನು ಬೇರೆ ಬೇರೆ ಗುಂಪಲ್ಲಿಡೋ ವ್ಯವಸ್ಥೆ, ಇಲ್ಲ. ಒಂದೇ ಊರಲ್ಲಿ ನಾಲ್ಕು ಜನ ಶಿವಣ್ಣ ಇದ್ದರೆ ಅಂಗಡಿ ಶಿವಣ್ಣ, ಕೆರೆಕೋಡಿ ಶಿವಣ್ಣ ಅಂತ ಕರೆಯಲ್ವಾ, ಹಾಗೇ ಎಲ್ಲ ಫಂಕ್ಷನ್ ಹೆಸರಿನ ಮುಂದೆ ‘ಆಲೆ’ ಅಂಡರ್‌ಸ್ಕೋರ್ ಹಾಕಿ. ಅಂಡರ್‌ಸ್ಕೋರ್‌ನಿಂದಲೇ ಶುರು ಮಾಡಬೇಡಿ, ಅವು ಹೆಚ್ಚಾಗಿ ಕಂಪೈಲರ್ ಮತ್ತು ಲೈಬ್ರರಿಯ ಪಾಲು. ಎಸ್‌ಟಿಆರ್, ಎಂಇಎಂ ಆದಮೇಲೆ ಸಣ್ಣ ಅಕ್ಷರ ಬರುವ ಫಂಕ್ಷನ್ ಹೆಸರುಗಳನ್ನೂ ಸಿ ಸ್ಟ್ಯಾಂಡರ್ಡ್ ತನಗೇ ಕಾದಿರಿಸಿಕೊಂಡಿದೆ.

ಇನ್ನೊಬ್ಬರು, ಮೈಸೂರಿನಿಂದ: ಹೆಸರು ಯಾಕೆ ಬದಲಾಯಿಸಬೇಕು ಸಾರ್? ಲಿನಕ್ಸ್‌ನ ಕಂಪೈಲರ್ ಜಿಸಿಸಿ ಗೆ, ಸಿ11 ಸ್ಟ್ಯಾಂಡರ್ಡ್ ಅಷ್ಟೇ ಪಾಲಿಸು ಅನ್ನೋ ಆಪ್ಷನ್ ಎಸ್‌ಟಿಡಿ ಈಕ್ವಲ್ಸ್ ಸಿ11 ಅಂತ ಕೊಟ್ಟರೆ ಎರರ್ ಹೋಗುತ್ತಲ್ಲ.

ಉತ್ತರ: ಹೋಗುತ್ತೆ, ಪಾಸಿಕ್ಸ್ ಹೆಸರುಗಳೆಲ್ಲ ಮರೆಯಾಗುತ್ತವೆ. ಆದರೆ ಜೊತೆಗೆ ಸ್ಟ್ರಿಂಗ್ ನಕಲು ಮಾಡಿ ಅದರ ಪಾಯಿಂಟರ್ ಕೊಡೋ ಸ್ಟ್ರ್‌ಡಪ್ ಕೂಡ ಮರೆಯಾಗುತ್ತೆ. ಅದನ್ನು ಎಲ್ಲೋ ಬಳಸಿದ್ದರೆ ಹಳೇ ಜಿಸಿಸಿ ಬರೀ ವಾರ್ನಿಂಗ್ ಕೊಟ್ಟು, ಅದು ಇಂಟ್ ಕೊಡುತ್ತೆ ಅಂತ ತಾನೇ ಅಂದುಕೊಳ್ಳುತ್ತೆ. 64 ಬಿಟ್ ಮೆಷಿನ್‌ನಲ್ಲಿ ಪಾಯಿಂಟರ್‌ನ ಅರ್ಧ ಕತ್ತರಿಸಿ ಹೋಗಿ, ಪ್ರೋಗ್ರಾಂ ಸಂಬಂಧವೇ ಇಲ್ಲದ ಇನ್ನೆಲ್ಲೋ ಕ್ರ್ಯಾಶ್ ಆಗುತ್ತೆ. ಜಿಸಿಸಿ 14ರಿಂದ ಇದು ಎರರ್ರೇ ಆಗಿದೆ, ಒಳ್ಳೇದೇ ಆಯ್ತು. ಒಂದು ಹೆಸರು ಉಳಿಸೋಕೆ ಇಷ್ಟೆಲ್ಲ ಯಾಕೆ?

ಅದೇ ಮೈಸೂರಿನವರು: ನನಗೆ ವೈ1 ಅನ್ನೋ ಗ್ಲೋಬಲ್ ವೇರಿಯಬಲ್‌ಗೂ ಹೀಗೇ ಎರರ್ ಬಂದಿತ್ತು. ಬರೀ ಗೆರೆ ಎಳೆಯೋ ಪ್ರೋಗ್ರಾಂ.

ಉತ್ತರ: ಮ್ಯಾಥ್ ಹೆಡರ್ ಹಾಕಿರುತ್ತೀರಿ. ಜೆ0, ಜೆ1, ವೈ0, ವೈ1 ಎಲ್ಲ ಅದರಲ್ಲಿರುವ ಬೆಸೆಲ್ ಅನ್ನೋ ಗಣಿತದ ಫಂಕ್ಷನ್‌ಗಳು. ಪಾಪ, ಗ್ರಾಫಿಕ್ಸ್ ಬರೆಯೋರಿಗೆಲ್ಲ ಈ ಕಾಟ. ವೇರಿಯಬಲ್ ಅನ್ನು ಫಂಕ್ಷನ್ ಒಳಗೆ ಇಟ್ಟರೆ ತೊಂದರೆ ಇಲ್ಲ. ಮ್ಯಾಕ್ರೋ, ಅಂದರೆ ಕಂಪೈಲ್‌ಗೆ ಮೊದಲೇ ಹೆಸರಿನ ಜಾಗಕ್ಕೆ ಬೇರೆ ಬರಹ ಹಾಕೋದು, ಆದರೆ ಒಳಗಿಟ್ಟರೂ ಬಿಡಲ್ಲ: ವಿಂಡೋಸ್ ಹೆಡರ್‌ನ ಮಿನ್, ಮ್ಯಾಕ್ಸ್ ಹಾಗೆ. ಅಲ್ಲಿ ಹೆಡರ್‌ಗಿಂತ ಮೊದಲೇ ನೋಮಿನ್‌ಮ್ಯಾಕ್ಸ್ ಅಂತ ಡಿಫೈನ್ ಮಾಡಿ. ಯಾವ ಹೆಡರ್ ಕಾಟ ಕೊಡುತ್ತಿದೆ ಅಂತ ಗೊತ್ತಾಗದಿದ್ದರೆ ಜಿಸಿಸಿ ಗೆ ಹೈಫನ್ ದೊಡ್ಡ ಇ ಕೊಟ್ಟು, ಹೆಡರ್‌ಗಳೆಲ್ಲ ಬಿಚ್ಚಿಕೊಂಡು ಬಂದದ್ದರಲ್ಲಿ ಆ ಹೆಸರು ಹುಡುಕಿ. ಅದರ ಮೇಲೆ ಕಾಣೋ ಹ್ಯಾಶ್ ಸಾಲಿನಲ್ಲಿ ಫೈಲಿನ ಹೆಸರು ಇರುತ್ತೆ.

ಪ್ರಶ್ನೆ ಕೇಳಿದವರು: ಹೆಸರು ಬದಲಾಯಿಸಿದೆ, ಓಡಿತು ಸಾರ್. ಸ್ಟಾಟಿಕ್ ತೆಗೆದುಬಿಡಲಾ?

ಉತ್ತರ: ಬೇರೆ ಫೈಲಿನಿಂದ ಕರೆಯದಿದ್ದರೆ ಇರಲಿ ಬಿಡಿ. ಲಿಂಕ್ ಮಾಡುವಾಗ ಇನ್ನೊಂದು ಫೈಲಿನ ಅದೇ ಹೆಸರಿನ ಜೊತೆ ಡಿಕ್ಕಿ ಆಗಲ್ಲ.